ಅವ್ವನ ಅಕ್ರೋಟ್ ಕಪಾಟು

"ಏ! ಏನ್ ಮಾಡಾಕತ್ತೀರಿ ನೀವು?"

ಜಿನಮತಿಯ ದನಿಗೆ ಪಡಸಾಲೆಯಲ್ಲಿ ಕಾಳು ಹೆಕ್ಕುತ್ತಿದ್ದ ಗುಬ್ಬಿಗಳು ಪುರ್ರಂತ ಹಾರಿಹೋದವು. ಆ ಮನುಷ್ಯ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಮೊಣಕಾಲೂರಿ, ಅವ್ವನ ಕಪಾಟಿಗೆ ಮೂಗು ಹತ್ತಿಸಿಕೊಂಡು ಕೂತಿದ್ದ. ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿದ. ಆ ಒದ್ದೆ ಬೆರಳನ್ನು ಕಪಾಟಿನ ಬಾಗಿಲ ಮೇಲೆ ನಿಧಾನಕ್ಕೆ ಎಳೆದ!

"ಎಂಜಲ ಬೆರಳು! ಅದೂ ನಮ್ಮವ್ವನ ಕಪಾಟಿಗೆ! ನಿಮಗ ಮನ್ಯಾಗ ಹೇಳೋರು ಕೇಳೋರು ಯಾರೂ ಇಲ್ಲೇನ್ರಿ?"

ಅವನು ತಿರುಗಿದ. ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಪ್ರಾಯ. ಬೈಸಿಕೊಂಡವನ ಮುಖವೇ ಅಲ್ಲ ಅದು, ಏನೋ ಸಿಕ್ಕವನ ಮುಖ.

"ಒದ್ದಿ ಮಾಡಿದ್ರನ ಕಟ್ಟಿಗಿ ತನ್ನ ಖರೇ ಬಣ್ಣ ತೋರಸತೈತ್ರಿ. ಬರ್ರಿ, ನೋಡ್ರಿ ಇಲ್ಲಿ."

ನೋಡಬಾರದು ಅಂದುಕೊಂಡೇ ನೋಡಿದಳು ಜಿನಮತಿ. ಬೆರಳು ಎಳೆದಲ್ಲಿ ಬಿಳಿಚಿದ ಪೊರೆ ಮರೆಯಾಗಿ, ಒಳಗಿಂದ ಕುದಿಯುವ ಬೆಲ್ಲದ ಪಾಕದ ಬಣ್ಣ ಎದ್ದಿತ್ತು. ಅದರಲ್ಲಿ ಕಪ್ಪು ಗೆರೆಗಳು ಹರಿದಾಡಿದ್ದವು.

"ಅಕ್ರೋಟ್ ಕಟ್ಟಿಗಿ. ಇಷ್ಟ ಚಂದಾನ ಮೈ ನಾ ಮುಂಬೈದಾಗೂ ನೋಡಿಲ್ಲರಿ."

ಅವನು ಹೇಳಿದ್ದು ಕಪಾಟಿಗೆ. ಆದರೂ ನಮ್ಮ ಜಿನಮತಿ ಸೆರಗು ಸರಿಮಾಡಿಕೊಂಡಳು!

"ನೀರ ಕೇಳಬೇಕಿತ್ತು," ಅಂತ ಗೊಣಗಿ ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ಅವನ ಮುಂದೆ ಕುಕ್ಕಿದಳು. ಅವನು ತಂಬಿಗೆ ಎತ್ತಿ ಗಟಗಟ ಕುಡಿದುಬಿಟ್ಟ.

"ಅದು ಕಪಾಟಕ್ಕ ತಂದದ್ದು!"

"ಕಪಾಟಕ್ಕ ನೀರಡಿಕಿ ಆಗಿರಲಿಲ್ಲರಿ, ನನಗ ಆಗಿತ್ತು. ಕಾಗವಾಡದಿಂದ ಬಂದೀನಿ. ಪಾರಿಸ ಅಂತಾರ ನನಗ."

ಎಂಬತ್ತೇಳನೇ ಇಸವಿಯ ಮಾತಿದು. ಚಿಕ್ಕೋಡಿಯಲ್ಲಿ ರೋಹಿಣಿ ಮಳೆ ಇನ್ನೂ ಬಿದ್ದಿರಲಿಲ್ಲ.

ಆ ಕಪಾಟಿನ ಸುದ್ದಿ ಹೇಳಿಬಿಡುತ್ತೇನೆ. ಜಿನಮತಿಯ ಅಪ್ಪ, ತಂಬಾಕು ವ್ಯಾಪಾರದ ಭಾವುಸಾಹೇಬರು ಮದುವೆಯಾದ ಹೊಸದರಲ್ಲಿ ಮುಂಬೈಗೆ ಹೋದವರು, ಹೆಂಡತಿ ಲಕ್ಷ್ಮಿಬಾಯಿಗೆಂದು ಸೀರೆ ತರುವ ಬದಲು ಇದನ್ನು ಲಾರಿ ಮೇಲೆ ಹೇರಿಸಿಕೊಂಡು ಬಂದಿದ್ದರು. ಗಿಳಿ ಇಲ್ಲ, ಕಮಲ ಇಲ್ಲ, ಒಂದು ಕೆತ್ತನೆ ಇಲ್ಲ! ಉದ್ದಕ್ಕೆ, ಸೊಂಟದೆತ್ತರಕ್ಕೆ, ನುಣ್ಣಗೆ. ಪಕ್ಕಕ್ಕೆ ಸರಿಯುವ ಎರಡು ಬಾಗಿಲು, ಬಲಕ್ಕೆ ಮೂರು ಡ್ರಾವರು, ತುಸು ಓರೆಯಾಗಿ ನಿಂತ ಸಪೂರ ಕಾಲು.

"ಈಗ ಹುಟ್ಟಿದ ಕರದ ಕಾಲ ಇದ್ದಂಗ ಅದಾವಲ್ಲ," ಅಂತ ಓಣಿಯವರೆಲ್ಲ ನಕ್ಕಿದ್ದರು.

ಲಕ್ಷ್ಮಿಬಾಯಿ ನಗಲಿಲ್ಲ. ಇಪ್ಪತ್ತೈದು ವರ್ಷ ಅದನ್ನು ಮಗುವಿನ ಹಾಗೆ ಒರೆಸಿದಳು. ಮುನಿ ಮಹಾರಾಜರ ಆಹಾರಕ್ಕೆ ಬಳಸುವ ಶುದ್ಧ ಪಾತ್ರೆ-ಭಾಂಡೆ, ಶುದ್ಧ ವಸ್ತ್ರ ಎಲ್ಲ ಅದರಲ್ಲೇ. ಅವಳು ತೀರಿಕೊಂಡ ಮೇಲೆ ಮಾಳಿಗೆ ಸೋರಿ, ಕಪಾಟಿನ ಮೇಲೆ ನೀರು ಇಳಿದು, ಹೊಳಪು ಬಿಳಿಚಿ, ಬಾಗಿಲು ಬಿಗಿದು ಕೂತಿತ್ತು. ಈ ಸಲ ಊರಿನ ಬಸ್ತಿಯಲ್ಲಿ ಮುನಿಗಳ ಚಾತುರ್ಮಾಸ. ಅಷ್ಟರೊಳಗೆ ಕಪಾಟು ಸಜ್ಜಾಗಬೇಕು.

"ಹಸರ ಪೇಂಟ ಬಳದ್ರ ಆತಲ್ಲ!" ಅಂದಿದ್ದಳು ಕಾಶಿಬಾಯಿ. ಭಾವುಸಾಹೇಬರ ತಂಗಿ, ವಿಧವೆ, ವ್ರತ ನಿಯಮದಲ್ಲಿ ಕಟ್ಟುನಿಟ್ಟು, ಮನೆಯ ಅಡಿಗೆಮನೆಗೆ ದೊರೆ.

ಜಿನಮತಿ ಎರಡು ದಿನ ಊಟ ಬಿಟ್ಟಳು. ಪೇಂಟಿನ ಮಾತು ಅಲ್ಲಿಗೇ ನಿಂತಿತು. ಭಾವುಸಾಹೇಬರು ಪಾರಿಸನನ್ನು ಹುಡುಕಿ ಕರೆಸಿದ್ದು ಹೀಗೆ.

ಪಾರಿಸನೂ ಜೈನರ ಹುಡುಗನೇ. ಮನೆಯಲ್ಲಿ ಕಬ್ಬಿನ ಹೊಲ ಇದ್ದರೂ ಹದಿನೆಂಟಕ್ಕೇ ಮುಂಬೈಗೆ ಹೋಗಿ ಫರ್ನಿಚರ್ ಕಾರಖಾನೆ ಸೇರಿದವನು. ಈಗ ತಿರುಗಿ ಬಂದಿದ್ದ. 'ಹೊಲ ಬಿಟ್ಟು ಬಡಿಗನ ರಂದಾ ಹಿಡದಾನ' ಅಂತ ಕಾಗವಾಡದಲ್ಲಿ ಆಡಿಕೊಳ್ಳುತ್ತಿದ್ದರು.

ಎರಡನೇ ದಿನ, ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯನ್ನು ಕಪಾಟಿನ ಮೂಲೆಯೊಂದಕ್ಕೆ ಒತ್ತಿ ಹಿಡಿದಿದ್ದ ಪಾರಿಸ. ಅರಿವೆ ತೆಗೆದು ನೋಡಿದ. ಯಾಕೋ ಹುಬ್ಬು ಗಂಟಿಕ್ಕಿದ. ಅದೇ ಹೊತ್ತಿಗೆ ಚಹಾ ತಂದ ಜಿನಮತಿ ಕಟ್ಟೆ ಮೇಲೆ ಕೂತಳು.

"ನಿಮಗೊಂದ ಮಾತ ಹೇಳಲಿ? ನಮ್ಮವ್ವ ಒಂದ ದಿನಾನೂ ವ್ರತ ಮುರಿದಾಕಿ ಅಲ್ಲ. ಇರುವಿ ತುಳದೇನೋ ಅಂತ ಅಂಗಳದಾಗ ಬಗ್ಗಿ ನೋಡಿ ನಡಿಯಾಕಿ. ಹಾಸಗಿ ಹಿಡದಾಗ ನನ್ನ ಕೈ ಹಿಡದು ಹೇಳಿದ್ಲು... 'ಜಿನಾ, ಮನ್ಯಾಗ ಎಲ್ಲಾಕಿಂತ ಶುದ್ಧ ಜಾಗಾ ಅಂದ್ರ ಈ ಕಪಾಟ. ಹಂಗs ಇಟ್ಟಕೋ' ಅಂತ."

ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು, ಕಣ್ಣು ತುಂಬಿತು.

ಪಾರಿಸ ಆ ಮುಖವನ್ನೇ ನೋಡುತ್ತ ಕೂತ. ಕೈಯಲ್ಲಿದ್ದ ಅರಿವೆಯನ್ನು ಮಡಚಿ ಮುಷ್ಟಿಯೊಳಗೆ ಅಡಗಿಸಿಕೊಂಡ.

"ನಾಕ ದಿನದ ಕೆಲಸ ಅಂದಿದ್ದೆ," ಅಂದ ಮೆಲ್ಲಗೆ. "ಇಪ್ಪತ್ತ ದಿನಾ ಹಿಡೀತೈತ್ರಿ."

"ಯಾಕ?"

"ಮಸಿ ಭಾಳ ಐತಿ. ಪೂರಾ ತೆಗೀಬೇಕು."

ಇಪ್ಪತ್ತು ದಿನ! ಜಿನಮತಿಗೆ ಒಳಗೊಳಗೇ ಖುಷಿಯಾಯಿತು. ಯಾಕೆ ಖುಷಿ ಅಂತ ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಹೇಳಬೇಕಾಗುತ್ತಿತ್ತಲ್ಲ!

ಪಾರಿಸ ಒಬ್ಬನೇ ಕೂತು ಕಪಾಟಿನ ಮೈಯೆಲ್ಲ ಸ್ಪಿರಿಟ್ಟಿನಿಂದ ತಿಕ್ಕಿದ, ಕೆರೆದ. ಆಮೇಲೆ ಬರಿಗೈಯಿಂದ ಅಗಸಿ ಎಣ್ಣೆ ತಿಕ್ಕತೊಡಗಿದ. ಒಂದು ಕೈ ಎಣ್ಣೆ, ಒಂದು ದಿನ ಒಣಗಲು. ಮತ್ತೆ ಒಂದು ಕೈ, ಮತ್ತೊಂದು ದಿನ. ಪಡಸಾಲೆಯೆಲ್ಲ ಅಗಸಿಯ ವಾಸನೆ.

"ಎಣ್ಣಿ ಆದಮ್ಯಾಲೆ ಪಾಲಿಶ್ ಹಚ್ಚೋದಲ್ಲೇನು?" ಕೇಳಿದಳು ಒಮ್ಮೆ ಜಿನಮತಿ. ಓಣಿಯಲ್ಲಿ ಬೇರೆಯವರ ಮನೆ ಕಪಾಟಿಗೆ ಹಾಗೆ ಮಾಡಿದ್ದನ್ನು ನೋಡಿದ್ದಳು.

"ನೋಡೋಣು," ಅಂದು ಬೇರೆ ಮಾತಿಗೆ ಹೋದ. "ಕೈ ಇಡ್ರಿ ಇಲ್ಲಿ. ಬಿಸಿ ಹತ್ತತೈತೇನು?"

ಇಟ್ಟಳು. ಅವನ ಅಂಗೈ ತಿಕ್ಕಿದ ಜಾಗ ಬೆಚ್ಚಗಿತ್ತು. ಅವನ ಕೈ ಒಂದು ಗೇಣು ದೂರದಲ್ಲಿತ್ತು. ಇಬ್ಬರೂ ಕೈ ತೆಗೆಯಲಿಲ್ಲ, ಹತ್ತಿರವೂ ಸರಿಸಲಿಲ್ಲ.

'ಅಯ್ಯ ದೇವರೇ... ಇಂವ ಹೋದಮ್ಯಾಲೆ ಈ ಪಡಸಾಲ್ಯಾಗ ನಾ ಹ್ಯಾಂಗ ಇರಲಿ?' ಅನ್ನಿಸಿತು ಅವಳಿಗೆ. ಅನ್ನಿಸಿದ ಕೂಡಲೇ ಕಿವಿ ಕೆಂಪಾಗಿ ಒಳಗೆ ಓಡಿದಳು.

ಅಡಿಗೆಮನೆಯಿಂದ ಕಾಶಿಬಾಯಿ ಎಲ್ಲ ನೋಡುತ್ತಿದ್ದಳು. "ನಾಕ ದಿನದ ಕೆಲಸಕ್ಕ ಇಪ್ಪತ್ತ ದಿನಾ! ಇಂವ ಕಪಾಟ ತಿಕ್ಕಾಕತ್ತಾನೋ, ಏನ್ ನಮ್ಮ ಹುಡುಗಿ ತಲಿ ತಿಕ್ಕಾಕತ್ತಾನೋ!"

ಹತ್ತೊಂಬತ್ತನೇ ದಿನ ಪಾರಿಸ ಹೇಳಿದ, "ನಾಳೆ ಬಾಗಲಾ ಕೂಡಸತೀನಿ. ಆಮ್ಯಾಲೆ ನಿಮಗೊಂದು ತೋರಸೂದೈತಿ."

"ಏನು?"

"ನಾಳೆ."

"ಈಗs ಹೇಳ್ರಿ!"

"ಹೇಳೂದಲ್ಲರಿ, ನೋಡೂದು. ಅದನ್ನ ನೋಡಿದಮ್ಯಾಲೆ... ನಾನೂ ಒಂದ ಮಾತ ಕೇಳಾಂವ ಅದೀನಿ."

ಜಿನಮತಿಗೆ ಆ ಸಂಜೆ ಊಟ ಸೇರಲಿಲ್ಲ. ಏನು ಕೇಳಬಹುದು? ಅದೇ ಇರಬಹುದಾ?... ಅದೇ ಇರಲಿ ದೇವರೇ!

ಆದರೆ ನಾಳೆ ಬಂದದ್ದೇ ಬೇರೆ ರೀತಿಯಲ್ಲಿ.

ಮುಂಜಾನೆ ಪಡಸಾಲೆ ಕಸ ಹೊಡೆಯುವಾಗ ಕಾಶಿಬಾಯಿಯ ಕೈಗೆ ಪಾರಿಸನ ಚೀಲದ ಹಿಂದಿದ್ದ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದಳು. ಒಳಗೆ ಕಂದು ಬಣ್ಣದ, ಅಂಟಂಟಾದ ಗಂಟುಗಳು. ಮೂಸಿದಳು. ಪೋಸ್ಟಿನ ಪಾರ್ಸೆಲ್ ಮೇಲೆ ಮುದ್ರೆ ಒತ್ತುತ್ತಾರಲ್ಲ, ಅದೇ ಅರಗು!

"ಅಣ್ಣಾ! ಜಿನಾ! ಬರ್ರಿ ಹೊರಗ!"

ಅರಗು ಅಂದರೆ ಹುಳದ ಮೈಯಿಂದ ಬರುವಂಥದ್ದು. ಸಾವಿರಾರು ಹುಳ ಸತ್ತರೆ ಒಂದು ಹಿಡಿ ಅರಗು. ಕಾಶಿಬಾಯಿ ಆಯುಷ್ಯದಲ್ಲಿ ಅರಗಿನ ಬಳೆ ತೊಟ್ಟವಳಲ್ಲ. ಅಂಥದ್ದನ್ನು ಮುನಿಗಳ ಭಾಂಡೆ ಇಡುವ ಕಪಾಟಿಗೆ ಹಚ್ಚುವುದೇ?

ಆಗಷ್ಟೇ ಒಳಗೆ ಬಂದ ಪಾರಿಸನ ಮುಂದೆ ಡಬ್ಬಿ ಹಿಡಿದಳು. "ಏನಿದು?"

ಪಾರಿಸನ ಮುಖ ಸಪ್ಪಗಾಯಿತು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. "ಅರಗ್ರಿ."

"ಜೈನರ ಹೊಟ್ಟ್ಯಾಗ ಹುಟ್ಟಿ, ಗೊತ್ತಿದ್ದೂ ಗೊತ್ತಿದ್ದೂ ಇದನ್ನ ಹಚ್ಚಿದಿ? ಪಾಪಿ!"

ಪಾರಿಸ ಬಾಯಿ ತೆರೆದ. ಎದುರಿಗೆ ಜಿನಮತಿ ಬಂದು ನಿಂತಿದ್ದಳು. ಅವಳನ್ನು ನೋಡಿದ. ತೆರೆದ ಬಾಯಿ ಹಾಗೇ ಮುಚ್ಚಿತು.

"ಮಾತಾಡ್ರಿ," ಅಂದಳು ಜಿನಮತಿ. "ಅಲ್ಲ ಅಂತ ಹೇಳ್ರಿ. ಒಂದ ಮಾತ ಹೇಳ್ರಿ, ನಾ ನಂಬತೀನಿ."

ಅವನು ತಲೆ ತಗ್ಗಿಸಿದ.

"ಅವ್ವನ ಮಾತೆಲ್ಲಾ ನಿಮ್ಮ ಮುಂದ ಹೇಳಿದ್ನಲ್ಲ! ಯಾರ ಮುಂದೂ ಹೇಳದ್ದನ್ನ ಹೇಳಿದ್ನಲ್ಲ! ಅವ್ವನ ಕಪಾಟಿಗೆ ಪಾಪ ಹಚ್ಚಿದ್ರಿ ನೀವು. ಮತ್ತ ಈ ಮನಿ ಮೆಟ್ಟಲಾ ಹತ್ತಬ್ಯಾಡ್ರಿ!"

ಪಾರಿಸ ಬಾಗಿಲುಗಳನ್ನು ಸದ್ದಿಲ್ಲದೆ ಕಪಾಟಿನ ತೋಡಿಗೆ ಕೂಡಿಸಿದ. ಆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ಹೋಗಿಬಿಟ್ಟ.

ಅವನು ಓಣಿ ತಿರುಗುವವರೆಗೂ ಸಿಟ್ಟಿನಲ್ಲಿ ನಿಂತಿದ್ದ ಜಿನಮತಿ, ತಿರುಗಿದ ಮೇಲೆ ಒಳಗೆ ಹೋಗಿ ಕದ ಹಾಕಿಕೊಂಡಳು.

ಕಪಾಟು ತಂಬಾಕಿನ ಗೋದಾಮು ಸೇರಿತು. ಆಷಾಢ ಹೋಯಿತು, ಶ್ರಾವಣ ಹೋಯಿತು. ಜಿನಮತಿ ಕೆಲಸ ಮಾಡಿದಳು, ಬಸ್ತಿಗೆ ಹೋದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ನಗುವುದನ್ನು ಮಾತ್ರ ಬಿಟ್ಟಳು. ಅಗಸಿಯ ಚಟ್ನಿಪುಡಿ ತಾಟಿಗೆ ಬಿದ್ದರೆ ಎದ್ದು ಹೋಗುತ್ತಿದ್ದಳು. ಅವನು ದಸರೆಯ ಹೊತ್ತಿಗೆ ತಿರುಗಿ ಮುಂಬೈಗೆ ಹೋಗುತ್ತಾನಂತೆ ಅನ್ನೋ ಸುದ್ದಿ ಯಾರದೋ ಬಾಯಿಂದ ಬಂತು. 'ಹೋಗವಲ್ಲನ್ಯಾಕ! ನನಗೇನ!' ಅಂದುಕೊಂಡಳು. ಅಂದುಕೊಂಡು ಕಣ್ಣೊರೆಸಿಕೊಂಡಳು.

ಮಗಳ ಮುಖ ನೋಡಲಾರದೆ ಭಾವುಸಾಹೇಬರೇ ದಾರಿ ಹುಡುಕಿದರು. ಅರಗನ್ನು ಕೆರೆದು ತೆಗೆಸಿದರೆ ಕಪಾಟಾದರೂ ಮನೆಯೊಳಗೆ ಬರುತ್ತದೆ. ಭಾದ್ರಪದದ ಹತ್ತು ದಿನಗಳ ಪರ್ವ ಶುರುವಾಗುವ ಹಿಂದಿನ ದಿನ, ನಿಪ್ಪಾಣಿಯಿಂದ ಸಿದರಾಯ ಅನ್ನೋ ವಯಸ್ಸಾದ ಪಾಲಿಶ್ ಮೇಸ್ತ್ರಿ ಬಂದ.

ಸಿದರಾಯ ಅರಿವೆಗೆ ಸ್ಪಿರಿಟ್ ಹಚ್ಚಿ ಕಪಾಟಿನ ಮೇಲೆ ತಿಕ್ಕಿದ. ಅರಿವೆ ನೋಡಿದ. ಮತ್ತೊಂದು ಕಡೆ ತಿಕ್ಕಿದ. ಕನ್ನಡಕ ಏರಿಸಿದ.

"ಸಾವಕಾರ್ರ, ಏನ್ ತೆಗೀಲಿ ಇದರಾಗ?"

"ಅರಗು."

"ಅರಗಿದ್ರ ಸ್ಪಿರಿಟ್ಟಿಗೆ ಕರಗಿ ಅರಿವಿಗೆ ಹತ್ತಬೇಕಲ್ರಿ. ನೋಡ್ರಿ, ಸ್ವಚ್ಛ ಐತಿ. ಇದಕ್ಕ ಅರಗ ಹಚ್ಚೇ ಇಲ್ಲ. ಬರೇ ಅಗಸಿ ಎಣ್ಣಿ. ಏನಿಲ್ಲಂದ್ರೂ ಎಂಟೊಂಬತ್ತ ಕೈ. ಈಗಿನ ಕಾಲದಾಗ ಇಷ್ಟ ತಾಳ್ಮಿ ಯಾರಿಗೈತ್ರಿ!"

ಜಿನಮತಿ ಮುಂದೆ ಬಂದಳು. "ಮತ್ತ... ಆ ಡಬ್ಬ್ಯಾಗಿನ ಅರಗು?"

ಸಿದರಾಯ ಎಡಗಡೆ ಬಾಗಿಲನ್ನು ತೋಡಿನಿಂದ ಎತ್ತಿ ತೆಗೆದು ಒಳಮೈ ತಿರುಗಿಸಿದ. ಅಲ್ಲಿ ಅಂಗೈಯಗಲ ಜಾಗದಲ್ಲಿ ಮಾತ್ರ ಹಳೆಯ ಕಂದು ಪೊರೆ ಹಾಗೇ ಉಳಿದಿತ್ತು. ಅಂಚನ್ನು ಅರಿವೆಯಿಂದ ಮುಟ್ಟಿದ. ಅರಿವೆ ಕಂದಾಯಿತು.

"ಇಲ್ಲೈತಿ ನೋಡ್ರಿ ಅರಗು. ಇದು ಕಪಾಟ ಹುಟ್ಟಿದಾಗಿಂದ ಐತಿ. ಮುಂಬೈ ಕಾರಖಾನ್ಯಾಗ ಎಲ್ಲಾಕ್ಕೂ ಇದನ್ನs ಹಚ್ಚತಿದ್ರು. ಯಾರೋ ಪುಣ್ಯಾತ್ಮ ಮೈತುಂಬ ಇದ್ದದ್ದನ್ನ ಕೆರದು ತೆಗದಾನ. ಡಬ್ಬ್ಯಾಗಿದ್ದದ್ದು ಆ ಕೆರದದ್ದs ಇರಬೇಕು. ಇದಷ್ಟ ಬಿಟ್ಟಾನ. ಯಾಕ ಅಂದ್ರ... ಏನೋ ಬರದೈತ್ರಿ ಇಲ್ಲಿ. ಪೊರಿ ತೆಗದ್ರ ಅಕ್ಷರಾನೂ ಅಳಸಿ ಹೊಕ್ಕಾವು."

ಜಿನಮತಿ ಬಗ್ಗಿದಳು. ಪೆನ್ಸಿಲ್ಲಿನ ಮಸುಕು ಅಕ್ಷರ. ಅವ್ವನ ಅಕ್ಷರ!

'ಇವತ್ತ ಜಿನಾ ಈ ಕಪಾಟ ಹಿಡಕೊಂಡು ತಾನs ಎದ್ದು ನಿಂತ್ಲು. ನಾ ನೋಡಿ ನಕ್ಕೆ, ಅಕಿ ನನ್ನ ನೋಡಿ ನಕ್ಲು.'

ಅವನು ತೋರಿಸಬೇಕೆಂದಿದ್ದು ಇದನ್ನೇ... ತೋರಿಸಿದ ಮೇಲೆ ಒಂದು ಮಾತು ಕೇಳುವವನಿದ್ದ...

ಜಿನಮತಿ ಬಾಗಿಲನ್ನು ಎದೆಗವಚಿಕೊಂಡು ಗೋಳೋ ಅಂತ ಅತ್ತಳು. ಅವ್ವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಈಗ ಎಲ್ಲ ತಿಳಿಯಿತು. 'ಹಚ್ಚಿದ್ದು ನಾನಲ್ಲ' ಅಂತ ಅವನು ಬಾಯಿಬಿಟ್ಟಿದ್ದರೆ, ಮೊದಲಿಂದಲೂ ಇತ್ತು ಅನ್ನಬೇಕಾಗುತ್ತಿತ್ತು. ಇರುವೆ ತುಳಿಯದ ಲಕ್ಷ್ಮಿಬಾಯಿ ಇಪ್ಪತ್ತೈದು ವರ್ಷ ಮುನಿಗಳ ಭಾಂಡೆ ಇಟ್ಟಿದ್ದು ಅರಗಿನ ಕಪಾಟಿನಲ್ಲಿ ಅನ್ನಬೇಕಾಗುತ್ತಿತ್ತು. ಅದನ್ನು ಜಿನಮತಿಯ ಮುಖ ನೋಡಿ ಹೇಳಲು ಅವನಿಂದ ಆಗಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಕಾಶಿಬಾಯಿ ಗೋಡೆಗೆ ಒರಗಿ ಕೂತಳು.

"ನಮ್ಮ ವೈನಿಗೆ, ನಿಮ್ಮವ್ವಗ, ಗೊತ್ತಿರಲಿಲ್ಲ," ಅಂದಳು. "ಗೊತ್ತಿಲ್ಲದ ಆದದ್ದಕ್ಕ ದೇವರ ಮುಂದ ಪ್ರಾಯಶ್ಚಿತ್ತ ಐತಿ. ಸತ್ತಾಕಿ ಮಾನ ಕಾಯಾಕ ಆ ಹುಡುಗ ತನ್ನ ಮಾನ ಕೊಟ್ಟಾನ. ಅವಗ ನಾ ಪಾಪಿ ಅಂದ್ನಲ್ಲs ಜಿನಾ! ಅವನ ಕ್ಷಮಾ ಕೇಳೂತನ ನನಗ ಉಪ್ಪ ಬ್ಯಾಡ."

ಅಂದವಳು ಅಂದಹಾಗೆ ನಡೆದಳು. ಪರ್ವದ ದಿನಗಳಲ್ಲಿ ಊರು ಬಿಡುವ ಹಾಗಿರಲಿಲ್ಲ. ಹನ್ನೆರಡು ದಿನ ಉಪ್ಪಿಲ್ಲದ ಊಟ.

ಪರ್ವ ಮುಗಿದು ಕ್ಷಮಾವಣಿ ಬಂತು. ಜೈನರೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ವರ್ಷದಲ್ಲಿ ಮಾಡಿದ ತಪ್ಪಿಗೆ 'ಉತ್ತಮ ಕ್ಷಮಾ' ಅಂತ ಕೇಳಿಕೊಳ್ಳುವ ದಿನ. ಸೋದರತ್ತೆ, ಸೊಸೆ ಇಬ್ಬರೂ ಮುಂಜಾನೆಯೇ ಹೊರಟರು. ಎರಡು ಬಸ್ಸು ಬದಲಿಸಿ, ಕೆಂಪು ನೀರು ತುಂಬಿದ ಕೃಷ್ಣಾ ಹೊಳೆ ದಾಟಿ, ಕಾಗವಾಡ ಮುಟ್ಟುವಾಗ ಮಧ್ಯಾಹ್ನ.

ಮನೆಯ ಪಕ್ಕದ ಕೊಟ್ಟಿಗೆಯನ್ನೇ ಪಾರಿಸ ಕಾರಖಾನೆ ಮಾಡಿಕೊಂಡಿದ್ದ. ಉಳಿ, ರಂದಾ ಎಲ್ಲ ಟ್ರಂಕಿಗೆ ತುಂಬುತ್ತಿದ್ದ. ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದ. ಕೈಯಲ್ಲಿದ್ದ ಉಳಿ ಹಾಗೇ ನಿಂತಿತು.

ಕಾಶಿಬಾಯಿ ಎರಡೂ ಕೈ ಮುಗಿದಳು. "ಉತ್ತಮ ಕ್ಷಮಾ, ತಮ್ಮಾ. ಭಾಳ ದೊಡ್ಡ ಮಾತ ಅಂದೆ."

"ಅವ್ವಾರ! ನೀವ್ ಹಿರ್ಯಾರು, ಹಂಗ ಕೈ ಮುಗೀಬ್ಯಾಡ್ರಿ!" ಓಡಿ ಬಂದು ಅವಳ ಕೈ ಹಿಡಿದ. "ಕ್ಷಮಾ ಅವ್ವಾರ. ಯಾವಾಗೋ ಮರತೀನಿ."

"ಹಂಗಾದ್ರ ನಿಮ್ಮವ್ವ ಎಲ್ಲಿ? ಉಪ್ಪ ಹಾಕಿದ ಸಾರ ಬೇಕಾಗೈತಿ ನನಗ, ಈಗಿಂದೀಗ! ಮತ್ತ ಅಕಿ ಜೋಡಿ ಬ್ಯಾರೆ ಮಾತೂ ಐತಿ." ಜಿನಮತಿಯ ಬೆನ್ನು ತಟ್ಟಿ ಒಳಗೆ ನಡೆದೇಬಿಟ್ಟಳು.

ಇಬ್ಬರೇ ಉಳಿದರು.

"ಬಾಗಲಾ ತಿರಿವಿ ನೋಡಿದ್ರೇನು?" ಕೇಳಿದ ಪಾರಿಸ.

"ನೋಡಿದೆ." "ಯಾಕ ಹೇಳಲಿಲ್ಲ? ನನಗೊಬ್ಬಾಕಿಗಾದ್ರೂ?"

"ಅವ್ವನ ಹೆಸರ ತಗೊಂಡಾಗ ನಿಮ್ಮ ಮಾರಿ ಹ್ಯಾಂಗ ಆಗತಿತ್ತು ಅನ್ನೂದು ನಿಮಗ ಕಾಣೂದಿಲ್ಲರಿ. ನಾ ನೋಡೀನಿ. ಅದನ್ನ ಕೆಡಸಾಕ ನನ್ನ ಕೈಲೆ ಆಗಲಿಲ್ಲ."

"ನನ್ನ ಬಿಟ್ಟ ಹೋಗಾಕ ಆತೇನು?"

"ಅದೂ ಆಗಲಿಲ್ಲ," ಅಂದ. "ಇಲ್ಲೇ ಇದ್ರ ಚಿಕ್ಕೋಡಿ ಬಸ್ ದಿನಾ ಕಣ್ಣಿಗೆ ಬೀಳತೈತಿ. ಅದಕ್ಕs ಮುಂಬೈಕ ಹೊಂಟಿದ್ದೆ."

ಜಿನಮತಿ ಕೈ ಜೋಡಿಸಿದಳು. "ಉತ್ತಮ ಕ್ಷಮಾ."

ಅವನು ತಿರುಗಿ ಕೈ ಮುಗಿಯಲಿಲ್ಲ.

"ಮುಂಜಾನಿಂದ ಹಾದ್ಯಾಗ ಹೋಗೋರಿಗೆಲ್ಲಾ ಕ್ಷಮಾ ಅಂದೀನ್ರಿ. ಇವತ್ತ ಯಾರ ಕೇಳಿದ್ರೂ ಅನ್ನಬೇಕು. ನಿಮಗೂ ಅದನ್ನs ಅಂದ್ರ ಏನ್ ಬಂತು?"

"ಹಂಗಾದ್ರ... ನಾಳೆ ಬಂದ ಕೇಳತೀನಿ."

"ನಾಳೆನೂ ಅನ್ನಲಿಲ್ಲಂದ್ರ?"

"ನಾಡದ ಬರತೀನಿ."

"ಎರಡ ಬಸ್ ಬದಲಿಸಿ, ಹೊಳಿ ದಾಟಿ, ದಿನಾ?"

ಜಿನಮತಿ ಉಸಿರು ಎಳೆದುಕೊಂಡಳು. ನಾಚಿಕೆ ಎಲ್ಲಿತ್ತೋ, ಧೈರ್ಯ ಎಲ್ಲಿಂದ ಬಂತೋ!

"ದಿನಾ ಬರೂದು ತ್ರಾಸ ಆಗತೈತಿ... ಇಲ್ಲೇ ಇದ್ದ ಬಿಡತೀನಿ."

ಪಾರಿಸನ ಕಣ್ಣು ತುಂಬಿ ಬಂತು. ಟ್ರಂಕಿನ ಮುಚ್ಚಳವನ್ನು ಕಾಲಿಂದ ಸರಿಸಿ ಅವಳ ಹತ್ತಿರ ಬಂದ.

"ಇನ್ನೊಮ್ಮೆ ಅನ್ನು."

ಮೊದಲ ಸಲ ಅವನ ಬಾಯಿಂದ 'ರಿ' ಬಿದ್ದುಹೋಗಿತ್ತು. ಜಿನಮತಿ ಅತ್ತುಕೊಂಡೇ ನಕ್ಕಳು.

"ಒಳಗ ನಮ್ಮ ಅತ್ತಿ ನಿಮ್ಮವ್ವಗ ಅದನ್ನs ಹೇಳಾಕತ್ತಾಳ. ಹೋಗಿ ಕೇಳ್ರಿ."

"ಅವರ ಬಾಯಿಂದ ಬ್ಯಾಡ ನನಗ. ನಿನ್ನ ಬಾಯಿಂದ."

"ಇಲ್ಲೇ ಇರತೀನಿ, ಪಾರಿಸ."

ಮುಗಿದ ಆ ಎರಡೂ ಕೈಗಳನ್ನು ಅವನು ತನ್ನ ಅಂಗೈಯೊಳಗೆ ತೆಗೆದುಕೊಂಡ.

"ಇರು," ಅಂದ.